ಒಬ್ಬಟ್ಟೆಲ್ಲಿ: ಒಂದೂವರೆ ನಿಮಿಷದ ಕ್ರಾಸ್‌ಓವರ್ ಥ್ರಾಶ್ ಹಾಡು ಕಟ್ಟಿದ ಲಾಗ್

ಹಾಡು ಮುಗಿದಿದೆ. ಉದ್ದ 1 ನಿಮಿಷ 34 ಸೆಕೆಂಡ್. ಪೆಡಲ್ (ಗಿಟಾರ್ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಡಬ್ಬಿ) ಬದುಕಿದೆ, ಸ್ನೇರ್ (‘ಟಪ್’ ಅನ್ನುವ ಚಿಕ್ಕ ಡ್ರಮ್) ಇನ್ನೂ ಮನಸ್ಸಿಗೆ ಬಂದಿಲ್ಲ, ಗ್ಯಾಂಗ್ ವೋಕಲ್ (ಗುಂಪು ಸೇರಿ ಕೂಗುವುದು) ಮಾತ್ರ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂದಿದೆ. ಮನೆಯಲ್ಲೇ ಥ್ರಾಶ್ (ಅತಿ ವೇಗದ ಮೆಟಲ್ ಸಂಗೀತ) ರೆಕಾರ್ಡ್ ಮಾಡಲು ಹೊರಟವರಿಗೆ ಉಪಯೋಗಕ್ಕೆ ಬರಬಹುದು ಅಂತ ಬರೆದಿಡುತ್ತಿದ್ದೇನೆ. ಕೆಟ್ಟದ್ದು ಎಲ್ಲಿ, ಯಾಕೆ ಅನ್ನೋದೇ ಹೆಚ್ಚಿದೆ. ಸರಿಯಾಗಿ ನಡೆದದ್ದಕ್ಕೆ ಎರಡೆರಡು ಸಾಲು ಸಾಕು.

ಹಂತ 1: ಅಳತೆಗೆ ಒಂದು ಆಲ್ಬಮ್

ಪಕ್ಕದಲ್ಲಿಟ್ಟುಕೊಂಡು ಹೋಲಿಸಿ ನೋಡಲು ಒಂದು ರೆಕಾರ್ಡ್ ಇಲ್ಲದೆ ಮಿಕ್ಸ್ ಮಾಡಲು ಕೂರಬಾರದು. ನಾವು ಇಟ್ಟುಕೊಂಡದ್ದು ಮ್ಯುನಿಸಿಪಲ್ ವೇಸ್ಟ್ ತಂಡದ 2007ರ ‘ದಿ ಆರ್ಟ್ ಆಫ್ ಪಾರ್ಟಿಯಿಂಗ್’. ಅಮೆರಿಕದ ವರ್ಜೀನಿಯಾ ರಾಜ್ಯದ ರಿಚ್ಮಂಡ್‌ನಲ್ಲಿ 2001ರಲ್ಲಿ ಹುಟ್ಟಿದ ತಂಡ. ಆಲ್ಬಮ್ ಹೊರತಂದದ್ದು ಇಯರೇಕ್ ರೆಕಾರ್ಡ್ಸ್, ನಿರ್ಮಾಪಕ ಝೂಸ್. ಕೂಗುವವನು ಟೋನಿ ಫೊರೆಸ್ಟಾ, ಗಿಟಾರ್ ರಯಾನ್ ವೇಸ್ಟ್, ಡ್ರಮ್ಸ್ ಡೇವ್ ವಿಟ್ಟೆ. ಬೇಸ್ ನುಡಿಸುವವನು ತನ್ನನ್ನು ಲ್ಯಾಂಡ್ ಫಿಲ್ ಅಂತ ಕರೆದುಕೊಳ್ಳುತ್ತಾನೆ. ತಂಡಕ್ಕೆ ಊರಿನ ಕಸದ ಹೆಸರು, ಬೇಸಿಸ್ಟ್‌ಗೆ ಕಸ ಸುರಿಯುವ ಗುಂಡಿಯ ಹೆಸರು. ಬೆಂಗಳೂರಿನವರಿಗೆ ಈ ಜೋಕನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾರ್ಡ್‌ಕೋರ್ ಪಂಕ್ ಮತ್ತು ಥ್ರಾಶ್ ಮೆಟಲ್ ಎರಡನ್ನೂ ಬೆರೆಸುವ ಈ ಕೆಲಸ, ಅಂದರೆ ಕ್ರಾಸ್‌ಓವರ್ ಥ್ರಾಶ್, ಎಂಬತ್ತರ ದಶಕದ್ದು. ಸೂಸೈಡಲ್ ಟೆಂಡೆನ್ಸೀಸ್, ಎಸ್.ಒ.ಡಿ., ಡಿ.ಆರ್.ಐ. ಎಲ್ಲ ಆ ಕಾಲದವರು. ಡಿ.ಆರ್.ಐ.ನವರ 1987ರ ಆಲ್ಬಮ್‌ನ ಹೆಸರೇ ‘ಕ್ರಾಸ್‌ಓವರ್’. ಮ್ಯುನಿಸಿಪಲ್ ವೇಸ್ಟ್ ಅದನ್ನು ಎರಡು ದಶಕದ ನಂತರ ಎತ್ತಿಕೊಂಡು, ಸಿಟ್ಟು ಕಡಿಮೆ ಮಾಡಿ, ಬಿಯರ್ ಮತ್ತು ಗಲಾಟೆ ಜಾಸ್ತಿ ಮಾಡಿತು. ಆಲ್ಬಮ್‌ನಲ್ಲಿ 15 ಹಾಡು, ಒಟ್ಟು ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಸರಾಸರಿ ಎರಡೇ ನಿಮಿಷಕ್ಕೆ ಒಂದು ಹಾಡು ಮುಗಿದು ಹೋಗುತ್ತದೆ.

ಹೊರಗಿನಿಂದ ಕೇಳಿದರೆ ಕುಡಿದವರು ಕೈಗೆ ಸಿಕ್ಕಿದ್ದನ್ನು ಬಾರಿಸುತ್ತಿದ್ದಾರೆ ಅನ್ನಿಸುತ್ತದೆ. ಹೆಡ್‌ಫೋನ್ ಹಾಕಿ ಕೂತು ಕೇಳಿ. ಗಿಟಾರ್ ನಿಲ್ಲುವ ಜಾಗದಲ್ಲಿ ಡ್ರಮ್ಸ್ ಕೂಡ ಅಲ್ಲೇ ನಿಲ್ಲುತ್ತದೆ, ಬಾಲ ಎಳೆಯುವುದಿಲ್ಲ. ಡೇವ್ ವಿಟ್ಟೆ ಡಿಸ್ಕಾರ್ಡನ್ಸ್ ಆಕ್ಸಿಸ್‌ನಂಥ ಗ್ರೈಂಡ್‌ಕೋರ್ (ಥ್ರಾಶ್‌ಗಿಂತಲೂ ವೇಗದ ಶೈಲಿ) ತಂಡದಿಂದ ಬಂದವನು, ಅವನ ಕೈಗೆ ಈ ವೇಗ ಆರಾಮ. ಪಾರ್ಟಿಯ ಮಜಾ ಬರುತ್ತಿರುವುದೇ ಈ ಬಿಗಿಯಿಂದ. ನಮ್ಮ ಡೆಮೊದಲ್ಲಿ ಗಲಾಟೆ ಬೇಕಾದಷ್ಟಿತ್ತು, ಬಿಗಿ ಇರಲಿಲ್ಲ. ಮುಂದಿನ ಹಂತಗಳೆಲ್ಲ ಆ ಒಂದು ಕೊರತೆಯನ್ನು ತುಂಬಲು ಪಟ್ಟ ಪಾಡು.

ಹಂತ 2: ಹಾಡು ಬರೆದು, ಅರ್ಧ ಬಿಸಾಕಿದ್ದು

ಆಲ್ಬಮ್‌ನಲ್ಲಿ ‘ಲಂಚ್ ಹಾಲ್ ಫುಡ್ ಬ್ರಾಲ್’ ಅಂತ ಒಂದು ಹಾಡಿದೆ. ಊಟದ ಹಾಲ್‌ನಲ್ಲಿ ಊಟವನ್ನೇ ಎರಚಿಕೊಂಡು ಹೊಡೆದಾಡುವ ಕಥೆ. ಅದನ್ನು ಕೇಳುವಾಗ ಬೇಸ್ ನುಡಿಸುವ ಗೆಳೆಯ ಅಂದ: ‘ಮಗಾ, ಇವರು ನಮ್ಮ ಛತ್ರದ ಎರಡನೇ ಪಂಕ್ತಿ ನೋಡಿಲ್ಲ.’ ವಿಷಯ ಸಿಕ್ಕಿತು. ತಿನ್ನುತ್ತಿರುವವರ ಕುರ್ಚಿ ಹಿಂದೆ ಕೈ ಇಟ್ಟು ನಿಲ್ಲುವುದು, ಅವರು ಮಜ್ಜಿಗೆಗೆ ಬಂದರೋ ಇಲ್ಲವೋ ಅಂತ ಎಲೆ ಇಣುಕುವುದು, ಎಲೆ ಎತ್ತುವ ಮೊದಲೇ ಕರ್ಚೀಫ್ ಹಾಕಿ ಸೀಟು ಹಿಡಿಯುವುದು. ಬಿಯರ್ ಇಲ್ಲದೆಯೂ ಇಷ್ಟು ನೂಕುನುಗ್ಗಲು ಸಾಧ್ಯ ಅನ್ನುವುದೇ ಹಾಡು.

ಮೊದಲ ರೂಪ ಮೂರು ನಿಮಿಷ ದಾಟಿತ್ತು. ಗಿಟಾರ್ ಸೋಲೊ, ಅದರ ಹಿಂದೆ ಇನ್ನೊಂದು ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ಸಾಲು), ಮಧ್ಯೆ ನಾನು ಬಹಳ ಇಷ್ಟಪಟ್ಟು ಬರೆದ ನಿಧಾನದ ಭಾಗ. ಕೇಳಿದರೆ ಎರಡನೇ ನಿಮಿಷಕ್ಕೇ ಸುಸ್ತು. ಎಲ್ಲ ಕಿತ್ತೆವು. ವೇಗ 200 ಬಿಪಿಎಂ (ನಿಮಿಷಕ್ಕೆ 200 ಬೀಟ್), ಅಂದರೆ ನಾಲ್ಕು ಬೀಟ್‌ನ ಒಂದು ಬಾರ್‌ಗೆ 1.2 ಸೆಕೆಂಡ್. ಕೊನೆಗೆ ಉಳಿದ ಲೆಕ್ಕ ಹೀಗಿದೆ: ಶುರುವಿನ ರಿಫ್ 8 ಬಾರ್, ಡ್ರಮ್ಸ್ ಸೇರಿ 8, ಪದ್ಯ 16, ಕೂಗು 8, ಪದ್ಯ 16, ಅರ್ಧ ವೇಗದ ಮಾಶ್ ಭಾಗ (ಕೇಳುವವರು ನೂಕಾಡುವ ಜಾಗ) 12, ಕೂಗು 8, ಮುಕ್ತಾಯ 2. ಒಟ್ಟು 78 ಬಾರ್.

ಸಾಹಿತ್ಯದಲ್ಲಿ ಒಂದು ಅಡಚಣೆ. ಈ ವೇಗದಲ್ಲಿ ಅರ್ಧ ಬೀಟ್ ಅಂದರೆ 150 ಮಿಲಿಸೆಕೆಂಡ್. ‘ಕಾಯುತ್ತಿರುವೆನು’ ಅಂತ ಬರೆದರೆ ಬಾಯಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬರೆದದ್ದನ್ನೆಲ್ಲ ಬಿಟ್ಟು ಛತ್ರದಲ್ಲಿ ಕಿವಿಗೆ ಬೀಳುವ ಮಾತನ್ನೇ ಇಟ್ಟೆವು:

ಅನ್ನ ಬಂತು, ಸಾರು ಇಲ್ಲ
ಸಾರು ಬಂತು, ಅನ್ನ ಇಲ್ಲ
ಉಪ್ಪು ಹಾಕ್ದೋನ್ ಮತ್ತೆ ಬರ್ಲಿಲ್ಲ
ಒಬ್ಬಟ್ಟೆಲ್ಲಿ? ಒಬ್ಬಟ್ಟೆಲ್ಲಿ?

‘ಒಬ್ಬಟ್ಟು ಎಲ್ಲಿ’ ಅಂತ ಬಿಡಿಸಿ ಕೂಗಿದಾಗ ಒಂದು ಪೆಟ್ಟು ಹೆಚ್ಚಾಗಿ ಸಾಲು ಬಾರ್ ಆಚೆ ಚೆಲ್ಲುತ್ತಿತ್ತು. ಸೇರಿಸಿ ಕೂಗಿದರೆ ನಾಲ್ಕೇ ಪೆಟ್ಟು, ನಾಲ್ಕಕ್ಕೂ ಒಂದೊಂದು ಸ್ನೇರ್.

ಹಂತ 3: ಪೆಡಲ್

ಗಿಟಾರ್‌ನ ತೊಂದರೆ ಇದು: ಕಂಪ್ಯೂಟರ್‌ನಲ್ಲಿ ಆಂಪ್ ಸಿಮ್ಯುಲೇಟರ್ (ಗಿಟಾರ್ ಆಂಪ್ಲಿಫೈಯರ್‌ನ ಸಾಫ್ಟ್‌ವೇರ್ ನಕಲು) ಹಾಕಿ ಗೇನ್ ಏರಿಸಿದರೆ ಪಾಮ್ ಮ್ಯೂಟ್ (ಅಂಗೈಯಿಂದ ತಂತಿ ಅದುಮಿ ಬಾರಿಸಿದ್ದು) ಎಲ್ಲ ‘ಜಗ್ ಜಗ್’ ಆಗುವ ಬದಲು ‘ಬುಸ್ ಬುಸ್’ ಆಗುತ್ತಿತ್ತು. ಇದಕ್ಕೆ ಮೆಟಲ್ ಗಿಟಾರಿಸ್ಟ್‌ಗಳ ಹಳೆಯ ಉಪಾಯ ಒಂದಿದೆ. ಆಂಪ್‌ನ ಮುಂದೆ ಟ್ಯೂಬ್ ಸ್ಕ್ರೀಮರ್ ಅನ್ನುವ ಪೆಡಲ್ ಇಟ್ಟು, ಡ್ರೈವ್ ಸೊನ್ನೆ, ಲೆವೆಲ್ ಪೂರ್ತಿ. ಕೆಳಗಿನ ದಪ್ಪ ದನಿ ಕಡಿಮೆಯಾಗಿ ಪಿಕ್‌ನ ಏಟು ಮುಂದೆ ಬರುತ್ತದೆ. ಸಾಫ್ಟ್‌ವೇರ್‌ನಲ್ಲೂ ಇದು ಪುಕ್ಕಟೆ ಸಿಗುತ್ತದೆ, ಗೊತ್ತು. ಕೈಯಲ್ಲಿ ಮಾಡಬೇಕು ಅನ್ನೋ ಚಟ.

ಬೆಂಗಳೂರಿನ ಎಸ್‌ಪಿ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ತಂದದ್ದು:

ವೆರೋಬೋರ್ಡ್ 60 ರೂ.
4558 ಐಸಿ ಎರಡು, ಸಾಕೆಟ್ ಸಹಿತ 40 ರೂ.
ಬಿಸಿ549 ಟ್ರಾನ್ಸಿಸ್ಟರ್ ಎರಡು 10 ರೂ.
ರೆಸಿಸ್ಟರ್, ಕೆಪಾಸಿಟರ್, ಡಯೋಡ್ ಎಲ್ಲ ಸೇರಿ 120 ರೂ.
ಪಾಟ್ (ತಿರುಗಿಸುವ ರೆಸಿಸ್ಟರ್) ಮೂರು, ನಾಬ್ ಸಹಿತ 150 ರೂ.
ಒಂಬತ್ತು ಕಾಲಿನ ಫುಟ್‌ಸ್ವಿಚ್ 180 ರೂ.
ಗಿಟಾರ್ ಜ್ಯಾಕ್ ಎರಡು, ಡಿಸಿ ಸಾಕೆಟ್ ಒಂದು 110 ರೂ.
ಅಲ್ಯೂಮಿನಿಯಂ ಡಬ್ಬಿ 380 ರೂ.
9 ವೋಲ್ಟ್ ಅಡಾಪ್ಟರ್ 250 ರೂ.

ಒಟ್ಟು 1,300 ರೂ. ಡಬ್ಬಿಯೇ ದುಬಾರಿ. ಸ್ಟೀಲ್ ಟಿಫಿನ್ ಡಬ್ಬಿಯಲ್ಲಿ ಮಾಡುವ ಯೋಚನೆ ಬಂದಿತ್ತು. ಅಮ್ಮ ಡಬ್ಬಿ ಕೊಡಲಿಲ್ಲ.

ಸರ್ಕ್ಯೂಟ್‌ನಲ್ಲಿ 500ಕೆ ಡ್ರೈವ್ ಪಾಟ್ ಇದೆ, ಅಂಗಡಿಯಲ್ಲಿ ಸಿಕ್ಕಿದ್ದು 470ಕೆ. ಟೋನ್‌ಗೆ 20ಕೆ ಬದಲು 22ಕೆ. ಎರಡರಿಂದಲೂ ಏನೂ ತೊಂದರೆಯಿಲ್ಲ. ಆದರೆ ಮುಖ್ಯವಾದ ಜೋಡಿಯನ್ನು ಬದಲಿಸಬೇಡಿ: 4.7ಕೆ ರೆಸಿಸ್ಟರ್ ಮತ್ತು 0.047 ಮೈಕ್ರೊಫ್ಯಾರಡ್ ಕೆಪಾಸಿಟರ್. 720 ಹರ್ಟ್ಸ್‌ನಿಂದ ಕೆಳಗೆ ಗೇನ್ ಇಳಿಸುವುದು ಇವೇ. ಬಿಗಿ ಬರುವುದು ಅಲ್ಲಿಂದ. ಕ್ಲಿಪ್ಪಿಂಗ್‌ಗೆ (ಸದ್ದಿನ ಅಲೆಯ ತುದಿ ಕತ್ತರಿಸಲು) 1ಎನ್4148 ಡಯೋಡ್ ಎರಡು, ಎದುರುಬದುರು.

ಮೊದಲ ಸಲ ಪವರ್ ಕೊಟ್ಟಾಗ ಸದ್ದೇ ಇಲ್ಲ. ಐಸಿ ಮುಟ್ಟಿದರೆ ಬೆರಳು ಸುಟ್ಟಿತು. ಗಿಟಾರ್ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಡಿಸಿ ಪಿನ್‌ನ ನಡುವೆ ಮೈನಸ್ ಇರುತ್ತದೆ. ಕೌಂಟರ್‌ನಲ್ಲಿ ಕೊಟ್ಟ ಅಡಾಪ್ಟರ್‌ನ ನಡುವೆ ಪ್ಲಸ್. ಮೀಟರ್ ಹಾಕಿ ನೋಡದೆ ಚುಚ್ಚಿದ್ದಕ್ಕೆ ಮೊದಲ 4558 ಹೋಯಿತು. ಅಡಾಪ್ಟರ್ ವಯರ್ ಕತ್ತರಿಸಿ ತಿರುಗಿಸಿ ಜೋಡಿಸಿದೆ, ಸಾಕೆಟ್‌ಗೆ ಅಡ್ಡವಾಗಿ 1ಎನ್4001 ಡಯೋಡ್ ಕೂರಿಸಿದೆ. ಐಸಿಗೆ ಸಾಕೆಟ್ ಹಾಕಿದ್ದರಿಂದ ಬದಲಾಯಿಸಲು ಅರ್ಧ ನಿಮಿಷ ಸಾಕಾಯಿತು. ಹತ್ತು ರೂಪಾಯಿ ಉಳಿಸಲು ಹೋಗಿ ಐಸಿಯನ್ನು ನೇರ ಸೋಲ್ಡರ್ ಮಾಡುವವರು ಇದನ್ನು ಗಮನಿಸಬೇಕು.

ಎರಡನೇ ಐಸಿ ಹಾಕಿದ ಮೇಲೂ ಸದ್ದಿಲ್ಲ. ಈಗ ಮೀಟರ್ ಹಿಡಿದು ಒಂದೊಂದೇ ಕಾಲು ನೋಡಿದೆ. ಐಸಿಯ 8ನೇ ಪಿನ್ 9 ವೋಲ್ಟ್, ಬಯಾಸ್ 4.5 ವೋಲ್ಟ್, ಎಲ್ಲ ಸರಿ. ಇನ್‌ಪುಟ್ ಟ್ರಾನ್ಸಿಸ್ಟರ್‌ನ ಎಮಿಟರ್ ಇರಬೇಕಾದ ಜಾಗದಲ್ಲಿ ಮೂರೂವರೆ ವೋಲ್ಟ್ ಆಸುಪಾಸು ಬರಬೇಕು, ಬಂದದ್ದು 8.4. ಮೂಲ ನಕ್ಷೆಯಲ್ಲಿರುವ 2ಎಸ್‌ಸಿ1815ಕ್ಕೆ ಕಾಲುಗಳ ಸಾಲು ಎಮಿಟರ್, ಕಲೆಕ್ಟರ್, ಬೇಸ್. ನಾನು ಹಾಕಿದ ಬಿಸಿ549ಕ್ಕೆ ಕಲೆಕ್ಟರ್, ಬೇಸ್, ಎಮಿಟರ್. ಬರೀ ತಿರುಗಿಸಿ ಹಾಕಿದರೆ ಸರಿಹೋಗುವುದಿಲ್ಲ. 180 ಡಿಗ್ರಿ ತಿರುಗಿಸಿ, ಬೇಸ್ ಮತ್ತು ಕಲೆಕ್ಟರ್ ಕಾಲುಗಳನ್ನು ಒಂದರ ಮೇಲೊಂದು ಹಾಯಿಸಿ, ಒಂದಕ್ಕೆ ವಯರ್‌ನ ಪ್ಲಾಸ್ಟಿಕ್ ಸಿಪ್ಪೆಯ ತೋಳು ತೊಡಿಸಿದೆ. ನೋಡಲು ಚಂದವಿಲ್ಲ. ಎರಡೂ ಟ್ರಾನ್ಸಿಸ್ಟರ್‌ಗೂ ಅದೇ ಶಸ್ತ್ರಚಿಕಿತ್ಸೆ. ಸದ್ದು ಬಂತು.

ಡಬ್ಬಿಗೆ ತೂತು: ಫುಟ್‌ಸ್ವಿಚ್‌ಗೆ 12 ಮಿಮೀ, ಜ್ಯಾಕ್‌ಗೆ 10, ಪಾಟ್‌ಗೆ 7. ಮೊದಲು ಮೊಳೆಯಿಂದ ಗುರುತು ಹೊಡೆದು, 3 ಮಿಮೀ ಬಿಟ್‌ನಲ್ಲಿ ಶುರು ಮಾಡಿ ಮೇಲಕ್ಕೆ ಹೋಗಿ. ನೇರವಾಗಿ ದೊಡ್ಡ ಬಿಟ್ ಇಟ್ಟರೆ ಅಲ್ಯೂಮಿನಿಯಂ ಮೇಲೆ ಜಾರಿ ಗೀರುತ್ತದೆ. ನನ್ನ ಡಬ್ಬಿಯ ಎಡಭಾಗದಲ್ಲಿರುವ ಗೀರಿನ ಮೇಲೆ ಈಗ ಸ್ಟಿಕರ್ ಇದೆ.

ಹಂತ 4: ಡ್ರಮ್ಸ್

ಡ್ರಮ್ಸ್ ನುಡಿಸುವವರು ಯಾರೂ ಇಲ್ಲ. ಇದ್ದರೂ ನಮ್ಮ ಮೂರನೇ ಮಹಡಿಯಲ್ಲಿ ನುಡಿಸಲು ಬಿಡುವವರಿಲ್ಲ. ಆದ್ದರಿಂದ ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಮಿಡಿ ನೋಟ್ (ಯಾವ ಪೆಟ್ಟು ಯಾವಾಗ ಅನ್ನುವ ಸೂಚನೆ) ಚುಚ್ಚಿ, ಪುಕ್ಕಟೆ ಸಿಗುವ ಡ್ರಮ್ ಪ್ಲಗಿನ್‌ನಲ್ಲಿ ನುಡಿಸಿದೆವು. ಈ ಶೈಲಿಯ ಮೂಲ ಪೆಟ್ಟು ಸ್ಕ್ಯಾಂಕ್ ಬೀಟ್: ಒಂದೊಂದು ಬೀಟ್‌ಗೂ ಕಿಕ್, ನಡುನಡುವೆ ಸ್ನೇರ್. ನಾಲ್ಕು ಬಾರ್ ಬರೆದು ನಕಲು ಮಾಡುತ್ತ ಹೋದರೆ ಹತ್ತು ನಿಮಿಷದ ಕೆಲಸ. ಕೇಳಿದರೆ ಟೈಲರ್ ಅಂಗಡಿಯ ಮಷೀನ್.

ಎಲ್ಲ ಪೆಟ್ಟಿನ ಬಲ ಗರಿಷ್ಠ ಮಟ್ಟವಾದ 127ಕ್ಕೆ ನಿಂತಿತ್ತು. ಸ್ನೇರನ್ನು 105ರಿಂದ 122ರ ನಡುವೆ ಹರಡಿದೆ. ನಂತರ ಸಮಯವನ್ನೂ ಹಿಂದೆ ಮುಂದೆ ಸರಿಸಿದೆ, ಮೊದಲು 15 ಮಿಲಿಸೆಕೆಂಡ್‌ವರೆಗೆ. ಅದು ಅತಿಯಾಯಿತು. ಮನುಷ್ಯ ನುಡಿಸಿದ ಹಾಗಾಗುವ ಬದಲು ಹೊಸದಾಗಿ ಕಲಿಯುತ್ತಿರುವವನು ನುಡಿಸಿದ ಹಾಗಾಯಿತು. 5 ಮಿಲಿಸೆಕೆಂಡ್‌ಗೆ ಇಳಿಸಿದ ಮೇಲೆ ಸರಿ. ಕಿಕ್ ಮಾತ್ರ ಗ್ರಿಡ್ ಮೇಲೇ ಬಿಟ್ಟೆ.

ಹೆಚ್ಚು ಹೊತ್ತು ಹಿಡಿದದ್ದು ನಿಲ್ಲುವ ಜಾಗಗಳು. ‘ಹೆಡ್‌ಬ್ಯಾಂಗರ್ ಫೇಸ್ ರಿಪ್’ನಂಥ ಹಾಡಿನಲ್ಲಿ ಎಲ್ಲರೂ ಒಟ್ಟಿಗೆ ಬ್ರೇಕ್ ಹಾಕಿ ಮತ್ತೆ ಹೊರಡುವಾಗ ಮೈ ತಾನಾಗಿ ಮುಂದೆ ವಾಲುತ್ತದೆ. ನಮ್ಮದರಲ್ಲಿ ಗಿಟಾರ್ ನಿಂತರೂ ಕ್ರ್ಯಾಶ್ ಸಿಂಬಲ್ ಮೂರು ಸೆಕೆಂಡ್ ಗುಂಯ್‌ಗುಡುತ್ತಿತ್ತು. ನಿಜವಾದ ಡ್ರಮ್ಮರ್ ಸಿಂಬಲ್ಲನ್ನು ಕೈಯಲ್ಲಿ ಹಿಡಿದು ನಿಲ್ಲಿಸುತ್ತಾನೆ. ಪ್ಲಗಿನ್‌ನಲ್ಲಿ ಆ ನೋಟ್ ಬೇರೆಯೇ ಇದೆ, ನಾನು ಅದನ್ನು ಹುಡುಕಿರಲೇ ಇಲ್ಲ. ಹಾಕಿದ ತಕ್ಷಣ ಹಾಡಿಗೆ ಬೆನ್ನುಮೂಳೆ ಬಂತು.

ಹಂತ 5: ಗಿಟಾರ್ ರೆಕಾರ್ಡಿಂಗ್

ಹೊಸ ತಂತಿ, 10ರಿಂದ 46ರ ಸೆಟ್, 650 ರೂ. ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪ ತಂತಿಯ ಎತ್ತರ 1.7 ಮಿಮೀ ಇಟ್ಟೆ. ಅದಕ್ಕಿಂತ ಕೆಳಗೆ ಇಳಿಸಿದಾಗ ಬಲವಾಗಿ ಬಾರಿಸಿದರೆ ಫ್ರೆಟ್‌ಗೆ ಬಡಿಯುತ್ತಿತ್ತು. ಇನ್ಟೋನೇಷನ್ (ಎಲ್ಲ ಫ್ರೆಟ್‌ನಲ್ಲೂ ಶ್ರುತಿ ಸರಿಯಿದೆಯಾ ಅನ್ನೋದು) ನೋಡಿಕೊಂಡೆ. ಪಿಕ್ 1.14 ಮಿಮೀ.

ಮೊದಲ ಟೇಕ್‌ಗಳೆಲ್ಲ ಕ್ಲಿಕ್‌ಗಿಂತ (ತಾಳ ತೋರಿಸುವ ಟಿಕ್ ಸದ್ದು) ಹಿಂದೆ. ಕೈ ನಿಧಾನವಾಗಿದೆ ಅಂದುಕೊಂಡು ಅಭ್ಯಾಸ ಮಾಡಿದ್ದೇ ಮಾಡಿದ್ದು. ಕಾರಣ ಬೇರೆ ಇತ್ತು. ಡ್ರಮ್ ಪ್ಲಗಿನ್ ತಡವರಿಸುತ್ತದೆ ಅಂತ ಬಫರನ್ನು (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) 1024ಕ್ಕೆ ಏರಿಸಿ ಹಾಗೇ ಬಿಟ್ಟಿದ್ದೆ. 48 ಕಿಲೊಹರ್ಟ್ಸ್‌ನಲ್ಲಿ ಅದೊಂದೇ 21 ಮಿಲಿಸೆಕೆಂಡ್ ತಡ. 200 ಬಿಪಿಎಂನಲ್ಲಿ ಕಾಲು ಬೀಟ್ ಅಂದರೇ 75 ಮಿಲಿಸೆಕೆಂಡ್. ಅದರಲ್ಲಿ 21 ಹೋದರೆ ಏನು ಉಳಿಯಿತು? ಡ್ರಮ್ಸನ್ನು ಒಂದು ಆಡಿಯೊ ಫೈಲ್ ಮಾಡಿ, ಪ್ಲಗಿನ್ ಮುಚ್ಚಿ, ಬಫರ್ 128ಕ್ಕೆ ಇಳಿಸಿದೆ. ಕೈ ಒಮ್ಮೆಲೇ ಸರಿಹೋಯಿತು.

ಈ ಆಲ್ಬಮ್ ಮಾಡಿದಾಗ ತಂಡದಲ್ಲಿ ಇದ್ದದ್ದು ಒಬ್ಬನೇ ಗಿಟಾರಿಸ್ಟ್. ಆದರೂ ಗೋಡೆಯಂಥ ಸದ್ದು. ನಾನು ಸೋಮಾರಿತನದಲ್ಲಿ ಒಂದೇ ಟೇಕನ್ನು ನಕಲು ಮಾಡಿ 15 ಮಿಲಿಸೆಕೆಂಡ್ ಸರಿಸಿ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ ಹಾಕಿದೆ. ಹೆಡ್‌ಫೋನ್‌ನಲ್ಲಿ ಭರ್ಜರಿ. ತಂಗಿಯ ಫೋನ್‌ನ ಒಂಟಿ ಸ್ಪೀಕರ್‌ನಲ್ಲಿ ಹಾಕಿದರೆ ಗಿಟಾರ್ ಕೊಳವೆಯೊಳಗಿಂದ ಬಂದ ಹಾಗೆ. ಎರಡು ಒಂದೇ ಸದ್ದು ತಡವಾಗಿ ಸೇರಿದಾಗ ಒಂದನ್ನೊಂದು ತಿಂದುಹಾಕುತ್ತವೆ. ಅಡ್ಡದಾರಿಯಿಲ್ಲ, ಇಡೀ ಹಾಡನ್ನು ಎರಡು ಸಲ ನುಡಿಸಲೇಬೇಕು. ಎರಡನೇ ಟೇಕ್‌ನಲ್ಲಿ ಬ್ರಿಜ್ ಪಿಕಪ್ ಅದೇ, ಗೇನ್ ಮಾತ್ರ ಕಡಿಮೆ. ಎರಡು ಟೇಕ್ ಸೇರಿದಾಗ ಡಿಸ್ಟಾರ್ಷನ್ ತಾನಾಗಿ ಹೆಚ್ಚು ಅನ್ನಿಸುತ್ತದೆ. ಒಂದೇ ಗಿಟಾರ್ ಕೇಳುವಾಗ ‘ಇನ್ನೂ ಸ್ವಲ್ಪ ಬೇಕು’ ಅನ್ನಿಸುವಷ್ಟಕ್ಕೆ ನಿಲ್ಲಿಸಿ.

ಪೆಡಲ್‌ನ ಸೆಟ್ಟಿಂಗ್: ಡ್ರೈವ್ ಸೊನ್ನೆ, ಟೋನ್ ಗಡಿಯಾರದ ಒಂದು ಗಂಟೆ ದಿಕ್ಕಿಗೆ, ಲೆವೆಲ್ ಮುಕ್ಕಾಲು. ಪೂರ್ತಿ ತಿರುಗಿಸಿದರೆ ಗಿಟಾರನ್ನು ಕಂಪ್ಯೂಟರ್‌ಗೆ ಜೋಡಿಸುವ ಇಂಟರ್‌ಫೇಸ್‌ನ ಇನ್‌ಪುಟ್ ಕೆಂಪಾಗುತ್ತದೆ.

ಇಷ್ಟಾದರೂ ಹಿಂದೆ ‘ಝೀ’ ಅಂತ ಒಂದು ಸದ್ದು. ಪೆಡಲ್‌ನ ಅರ್ಥ್ ಬಿಚ್ಚಿ ಕಟ್ಟಿದೆ, ಕೇಬಲ್ ಬದಲಾಯಿಸಿದೆ, ಅಡಾಪ್ಟರ್ ಬಿಟ್ಟು ಬ್ಯಾಟರಿ ಹಾಕಿದೆ. ಹೋಗಲಿಲ್ಲ. ನೀರು ಕುಡಿಯಲು ಎದ್ದಾಗ ಫ್ಯಾನ್ ಮೂರರಿಂದ ಐದಕ್ಕೆ ತಿರುಗಿಸಿದೆ, ಸದ್ದಿನ ದನಿ ಬದಲಾಯಿತು! ಕಳ್ಳ ಗೋಡೆಯ ಮೇಲಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್. ಫ್ಯಾನ್ ಆರಿಸಿದರೆ ಸದ್ದು ಮಾಯ. ಏಪ್ರಿಲ್ ತಿಂಗಳಲ್ಲಿ ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, 200 ಬಿಪಿಎಂನಲ್ಲಿ ಡೌನ್‌ಸ್ಟ್ರೋಕ್. ಬನಿಯನ್ ಹಿಂಡಿದರೆ ಒಂದು ಲೋಟ ನೀರು ಬರುತ್ತಿತ್ತು.

ಹಂತ 6: ಬೇಸ್

ಬೇಗ ಮುಗಿಯಿತು. ಒಂದೇ ಟೇಕನ್ನು ಎರಡು ಟ್ರ್ಯಾಕ್ ಮಾಡಿ, 250 ಹರ್ಟ್ಸ್‌ಗಿಂತ ಕೆಳಗಿನದ್ದನ್ನು ಸ್ವಚ್ಛವಾಗಿ ಬಿಟ್ಟು, ಮೇಲಿನದ್ದಕ್ಕೆ ಡಿಸ್ಟಾರ್ಷನ್. ಗೆಳೆಯ ಬೆರಳಲ್ಲಿ ನುಡಿಸುತ್ತೇನೆ ಅಂತ ಹಟ ಹಿಡಿದ, ಏಟು ಕೇಳಿಸಲಿಲ್ಲ, ಪಿಕ್ ಕೊಟ್ಟೆ. ಒಂದು ದಿನ ಮಾತು ಬಿಟ್ಟಿದ್ದ.

ಹಂತ 7: ಗ್ಯಾಂಗ್ ವೋಕಲ್

ಈ ಜಾತಿಯ ಹಾಡಿಗೆ ಪ್ರಾಣ ಇದು. ಆಲ್ಬಮ್‌ನ ಕೊನೆಯ ಹಾಡು ‘ಬಾರ್ನ್ ಟು ಪಾರ್ಟಿ’ಯಲ್ಲಿ ಗುಂಪು ಸೇರಿ ತಂಡದ ಹೆಸರನ್ನೇ ಕೂಗುತ್ತದೆ. ಅದು ಕೇಳಿದಾಗ ನಾವೂ ಆ ಕೋಣೆಯಲ್ಲಿದ್ದೇವೆ ಅನ್ನಿಸುತ್ತದೆ. ಮೊದಲು ನಾನೊಬ್ಬನೇ ದನಿ ಬದಲಿಸಿ ಬದಲಿಸಿ ಹತ್ತಾರು ಟ್ರ್ಯಾಕ್ ಕೂಗಿ ಸೇರಿಸಿದೆ. ಒಬ್ಬನೇ ಮನುಷ್ಯ ಹತ್ತಾರು ಸಲ ಕೂಗಿದ ಹಾಗೆಯೇ ಇತ್ತು. ಗಂಟಲು ಕೂಡ ಕಟ್ಟಿತು.

ಭಾನುವಾರ ಚಿಕ್ಕಮ್ಮನ ಮನೆಯಲ್ಲಿ ಎಲ್ಲರೂ ಸೇರುವುದಿತ್ತು. ಎರವಲು ತಂದ ಒಂದು ಡೈನಮಿಕ್ ಮೈಕ್, ಲ್ಯಾಪ್‌ಟಾಪ್ ಒಯ್ದೆ. ಹಾಲ್‌ನ ಗೋಡೆಗೆ ಎರಡು ಹಾಸಿಗೆ ಒರಗಿಸಿದೆ, ಮೈಕನ್ನು ತಲೆಯ ಎತ್ತರಕ್ಕೆ ಕಟ್ಟಿದೆ. ಊಟಕ್ಕೆ ಮುಂಚೆ ರೆಕಾರ್ಡ್ ಮಾಡೋಣ, ಹಸಿವಿನಲ್ಲಿ ಚೆನ್ನಾಗಿ ಕೂಗುತ್ತಾರೆ ಅಂತ ನನ್ನ ಲೆಕ್ಕ.

ಮೊದಲ ಟೇಕ್ ಭಜನೆ ಆಯಿತು. ಎಲ್ಲರೂ ಒಂದೇ ಶ್ರುತಿಯಲ್ಲಿ, ಒಂದೇ ಹದದಲ್ಲಿ, ಬಹಳ ಭಕ್ತಿಯಿಂದ ‘ಒಬ್ಬಟ್ಟೆಲ್ಲಿ’. ಭಾವ ಹೆಡ್‌ಫೋನ್ ತೆಗೆದು ‘ಏನಪ್ಪಾ ಇದು, ಒಬ್ಬಟ್ಟು ತೀರಿಕೊಂಡ ಹಾಗಿದೆಯಲ್ಲ’ ಅಂದರು. ಕೂತಿದ್ದವರನ್ನೆಲ್ಲ ನಿಲ್ಲಿಸಿದೆ. ಮೈಕ್‌ಗೆ ಮುತ್ತಿಕೊಂಡಿದ್ದವರನ್ನು ಒಂದೂವರೆ ಮೀಟರ್ ಹಿಂದೆ ಸರಿಸಿದೆ, ಹತ್ತಿರ ನಿಂತವನ ದನಿಯೊಂದೇ ಎದ್ದು ಬರುತ್ತಿತ್ತು. ಪ್ರತಿ ಟೇಕ್‌ಗೂ ಜಾಗ ಬದಲಾಯಿಸಿ ನಿಲ್ಲಿ ಅಂದೆ. ಹೆಡ್‌ಫೋನ್ ಒಂದೇ ಇದ್ದದ್ದರಿಂದ ನಾನು ಕ್ಲಿಕ್ ಕೇಳುತ್ತ ಕೈ ಬೀಸಿದೆ, ಅವರು ಕೈ ನೋಡಿ ಕೂಗಿದರು.

ಆದರೂ ಬಿಸಿ ಬರಲಿಲ್ಲ. ಬಂದದ್ದು ಊಟದ ನಂತರ. ಹೋಟೆಲಿನಿಂದ ತರಿಸಿದ ಊಟ, 900 ರೂ., ಅದರಲ್ಲಿ ಒಬ್ಬಟ್ಟು ಲೆಕ್ಕಕ್ಕೆ ಎರಡು ಕಡಿಮೆ ಬಂತು. ಹುಡುಗರ ನಡುವೆ ನಿಜವಾದ ಜಗಳ ಶುರುವಾಯಿತು. ಚಿಕ್ಕಮ್ಮ ‘ಸುಮ್ನಿರ್ರೋ, ಪಕ್ಕದ ಮನೆಯವರು ಏನಂದ್ಕೋತಾರೆ’ ಅಂತ ಗದರಿಸುತ್ತಿದ್ದಾಗಲೇ ನಾನು ರೆಕಾರ್ಡ್ ಒತ್ತಿ ಕೈ ಬೀಸಿದೆ. ಹಾಡಿನಲ್ಲಿ ಇರುವುದು ಆ ಟೇಕ್. ಎರಡನೇ ಕೂಗಿನ ಕೊನೆಯಲ್ಲಿ, ಎಲ್ಲ ವಾದ್ಯ ನಿಂತ ಅರ್ಧ ಸೆಕೆಂಡ್‌ನಲ್ಲಿ, ಅಜ್ಜಿ ಒಳಗಿನಿಂದ ‘ಇಲ್ಲಿದೆ ಬನ್ನಿ’ ಅಂದದ್ದು ಸ್ಪಷ್ಟವಾಗಿ ಕೇಳುತ್ತದೆ. ಕತ್ತರಿಸುವ ಪ್ರಶ್ನೆಯೇ ಇಲ್ಲ. ಕ್ಲಿಕ್‌ಗಿಂತ 40 ಮಿಲಿಸೆಕೆಂಡ್ ತಡವಾಗಿತ್ತು, ಅಷ್ಟನ್ನು ಮಾತ್ರ ಹಿಂದಕ್ಕೆ ಎಳೆದೆ.

ಅದೂ ಸೇರಿ ಒಟ್ಟು ಐದು ಟೇಕ್ ಆರಿಸಿ, ಎರಡು ಎಡ, ಎರಡು ಬಲ, ಒಂದು ನಡುವೆ ಹಂಚಿದೆ.

ಹಂತ 8: ಮಿಕ್ಸ್

ಗಿಟಾರ್‌ಗೆ 100 ಹರ್ಟ್ಸ್ ಕೆಳಗೆ ಕತ್ತರಿ, 9 ಕಿಲೊಹರ್ಟ್ಸ್ ಮೇಲೆ ಕತ್ತರಿ. ಗಿಟಾರ್ ಒಂದನ್ನೇ ಕೇಳಿದರೆ ತೆಳು ಅನ್ನಿಸುತ್ತದೆ, ಹೆದರಬೇಡಿ, ಬೇಸ್ ಸೇರಿದಾಗ ತುಂಬುತ್ತದೆ. ಕಿಕ್‌ಗೆ 3.5 ಕಿಲೊಹರ್ಟ್ಸ್ ಹತ್ತಿರ 4 ಡೆಸಿಬೆಲ್ ಎತ್ತಿದೆ, ಇಲ್ಲದಿದ್ದರೆ ಈ ವೇಗದಲ್ಲಿ ಕಿಕ್ ಬರೀ ಗುಡುಗು. ರಿವರ್ಬ್ (ಕೋಣೆಯ ಮಾರ್ದನಿ) ಗಿಟಾರ್‌ಗೂ ಇಲ್ಲ, ದನಿಗೂ ಇಲ್ಲ. ಮೊದಲು ದನಿಗೆ ದೊಡ್ಡ ಹಾಲ್‌ನ ರಿವರ್ಬ್ ಹಾಕಿದ್ದೆ, ಮಾತು ಒಂದರ ಮೇಲೊಂದು ಬಿದ್ದು ಸಾರು ಯಾವುದು ಅನ್ನ ಯಾವುದು ತಿಳಿಯುತ್ತಿರಲಿಲ್ಲ.

ಕೊನೆಯ ಲಿಮಿಟರ್‌ನಲ್ಲಿ (ಸದ್ದು ಮಿತಿ ದಾಟದಂತೆ ಹಿಡಿದು ಒಟ್ಟು ಜೋರು ಏರಿಸುವ ಪ್ಲಗಿನ್) ಆಸೆ ಹೆಚ್ಚಾಯಿತು. ಮೈನಸ್ 6 ಎಲ್‌ಯುಎಫ್‌ಎಸ್‌ವರೆಗೆ (ಒಟ್ಟಾರೆ ಜೋರಿನ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಜೋರು) ತಳ್ಳಿದೆ. ಜೋರಾಗಿತ್ತು, ಆದರೆ ಮಾಶ್ ಭಾಗ ಬಂದಾಗ ಏನೂ ಆಗಲಿಲ್ಲ. ಮೊದಲೇ ಎಲ್ಲ ಒಂದೇ ಎತ್ತರದಲ್ಲಿದ್ದರೆ ಅರ್ಧ ವೇಗಕ್ಕೆ ಇಳಿದಾಗ ಬೀಳುವ ಪೆಟ್ಟಿಗೆ ಜಾಗವೆಲ್ಲಿ? ಮೈನಸ್ 9ಕ್ಕೆ ಇಳಿಸಿದೆ, ಸೀಲಿಂಗ್ ಮೈನಸ್ 1 ಡೆಸಿಬೆಲ್. ಜೊತೆಗೆ ಮಾಶ್ ಭಾಗ ಶುರುವಾಗುವ ಮುಂಚಿನ ಒಂದು ಬೀಟ್ ಪೂರ್ತಿ ಖಾಲಿ ಬಿಟ್ಟೆ. ಭಾವ ಅಲ್ಲಿ ಕುರ್ಚಿಯಿಂದ ಎದ್ದರು. ಸದ್ಯಕ್ಕೆ ನಮ್ಮ ಮನೆಯಲ್ಲಿ ಅದೇ ಸರ್ಕಲ್ ಪಿಟ್ (ಥ್ರಾಶ್ ಶೋಗಳಲ್ಲಿ ಜನ ಸುತ್ತು ಹೊಡೆದು ಓಡುವ ಗಲಾಟೆ).

ಆಲ್ಬಮ್ ಪಕ್ಕದಲ್ಲಿಟ್ಟು, ಎರಡರ ಸದ್ದಿನ ಮಟ್ಟ ಸಮ ಮಾಡಿ ಕೇಳಿದರೆ ಗಿಟಾರ್ ಹತ್ತಿರಕ್ಕೆ ಬಂದಿದೆ, ಬೇಸ್ ಪರವಾಗಿಲ್ಲ. ಸ್ನೇರ್ ಸೋತಿದೆ. ಅವರದ್ದು ಮುಖಕ್ಕೆ ಬಡಿಯುತ್ತದೆ, ನಮ್ಮದು ಪಕ್ಕದ ಕೋಣೆಯಲ್ಲಿದೆ. 200 ಹರ್ಟ್ಸ್ ಎತ್ತಿ ನೋಡಿದೆ, ಕಂಪ್ರೆಸರ್‌ನ ಅಟ್ಯಾಕ್ 3ರಿಂದ 20 ಮಿಲಿಸೆಕೆಂಡ್‌ವರೆಗೆ ಸರಿಸಿ ನೋಡಿದೆ. ಪ್ಲಗಿನ್‌ನ ಸ್ನೇರೇ ಮೆತ್ತಗಿದೆ ಅನ್ನುವ ತೀರ್ಮಾನಕ್ಕೆ ಬಂದಿದ್ದೇನೆ. ನಿಜವಾದ ಸ್ನೇರ್ ಒಂದನ್ನು ಎರವಲು ಪಡೆದು, ಗಟ್ಟಿಯಾಗಿ, ಸಾಧಾರಣವಾಗಿ, ಮೆಲ್ಲಗೆ ಬಾರಿಸಿ ಕೆಲವು ಪೆಟ್ಟು ರೆಕಾರ್ಡ್ ಮಾಡಿಕೊಂಡು, ಪ್ಲಗಿನ್‌ನ ಸ್ನೇರ್ ಜಾಗಕ್ಕೆ ಹಾಕಬೇಕು.

ಖರ್ಚು: ಪೆಡಲ್ 1,300, ತಂತಿ 650, ಊಟ 900, ಒಟ್ಟು 2,850 ರೂ. ಗಿಟಾರ್, ಇಂಟರ್‌ಫೇಸ್, ಲ್ಯಾಪ್‌ಟಾಪ್ ಮೊದಲೇ ಇದ್ದವು, ಲೆಕ್ಕಕ್ಕಿಲ್ಲ. ಫ್ಯಾನ್‌ಗೆ ಹಳೆಯ ಕಾಲದ ದೊಡ್ಡ ಡಬ್ಬಿಯ ರೆಸಿಸ್ಟರ್ ರೆಗ್ಯುಲೇಟರ್ ಹುಡುಕುತ್ತಿದ್ದೇನೆ. ಯಾರ ಅಟ್ಟದ ಮೇಲಾದರೂ ಇದ್ದರೆ ಎಸೆಯುವ ಮುಂಚೆ ಹೇಳಿ. ಎರಡನೇ ಹಾಡಿನ ರಿಫ್ ಸಿದ್ಧವಿದೆ, ವಿಷಯ ಗ್ಯಾಸ್ ಸಿಲಿಂಡರ್ ಬುಕಿಂಗ್, ಒಂದು ನಿಮಿಷ ಹತ್ತು ಸೆಕೆಂಡ್ ದಾಟಬಾರದು ಅಂತ ಬೇಸ್‌ನವನ ಷರತ್ತು.